ಆಯಿಯ ಕಲ್ಚರ್ ವರದಿಯಲ್ಲಿ ಸಾಲಾಗಿ ‘ಆರ್’: ಅಂಗಡಿಯ ಕೋಳಿಮಾಂಸಕ್ಕೂ ಇದಕ್ಕೂ ಸಂಬಂಧವಿದೆಯೇ?

ಕಾಳಿತೀರ, ಸದಾಶಿವಗಡ

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ 71 ವರ್ಷ. ಮೇ ಕೊನೆಯಲ್ಲಿ ಅವರಿಗೆ ಮೂತ್ರಕ್ಕೆ ಹೋಗುವಾಗ ಉರಿ ಶುರುವಾಯಿತು, ರಾತ್ರಿ ಏಳೆಂಟು ಸಲ ಏಳುವಂತಾಯಿತು, ಜ್ವರವಿರಲಿಲ್ಲ. ಕಳೆದ ವರ್ಷ ಇದೇ ತೊಂದರೆಗೆ ವೈದ್ಯರು ಬರೆದುಕೊಟ್ಟಿದ್ದ ಚೀಟಿ ಮನೆಯಲ್ಲಿತ್ತು. ಅದನ್ನೇ ಔಷಧದ ಅಂಗಡಿಯಲ್ಲಿ ತೋರಿಸಿ ಮಾತ್ರೆ ತಂದು ಮೂರು ದಿನ ಕೊಟ್ಟೆ. ಹಾಗೆ ಮಾಡಬಾರದಿತ್ತು ಎಂದು ಈಗ ತಿಳಿದಿದೆ. ಉರಿ ಇಳಿಯದೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೂತ್ರದ ಕಲ್ಚರ್ ಪರೀಕ್ಷೆ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ ಮಾಡಿಸಿದರು. ಮೂರನೆಯ ದಿನ ಬಂದ ವರದಿಯ ಮೇಲ್ಭಾಗದಲ್ಲಿ ‘ಇ. ಕೋಲಿ’ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು, ಕೆಳಗೆ 14 ಔಷಧಗಳ ಹೆಸರು, ಪ್ರತಿಯೊಂದರ ಎದುರು ಒಂದು ಅಕ್ಷರ. ಒಂಬತ್ತು ಔಷಧಗಳ ಎದುರು ‘ಆರ್’ ಎಂದಿತ್ತು, ಅಂದರೆ ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ನಾನು ಅಂಗಡಿಯಿಂದ ತಂದು ಕೊಟ್ಟಿದ್ದ ಸಿಪ್ರೋಫ್ಲಾಕ್ಸಾಸಿನ್ ಕೂಡ ಅದರಲ್ಲಿತ್ತು. ಪುಟದ ಅಡಿಯಲ್ಲಿ ‘ಇ.ಎಸ್.ಬಿ.ಎಲ್. ಉತ್ಪಾದಕ’ (ಹಲವು ಆ್ಯಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾ) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ವೈದ್ಯರು ನೈಟ್ರೋಫ್ಯುರಾಂಟೋಯಿನ್ ಎಂಬ ಮಾತ್ರೆ ಬರೆದರು, ಈಗ ಉರಿ ಕಡಿಮೆಯಾಗುತ್ತಿದೆ.

ನನ್ನ ಚಿಂತೆ ಬೇರೆ. ವರದಿ ನೋಡಿದ ಬಂಧುಗಳೊಬ್ಬರು, ‘ಇದೆಲ್ಲ ಬ್ರಾಯ್ಲರ್ ಕೋಳಿಯಿಂದ ಬರುವುದು, ಅದಕ್ಕೆ ಚುಚ್ಚುವ ಇಂಜೆಕ್ಷನ್ ನಮ್ಮ ಮೈಗೆ ಸೇರುತ್ತದೆ’ ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲದ ಮೀನುಗಾರಿಕಾ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಂತಿವೆ. ತಾಜಾ ಬಂಗಡೆ, ತಾರ್ಲೆ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಹೆಚ್ಚು. ಹೀಗಾಗಿ ಈ ಎರಡು ತಿಂಗಳು ನಮ್ಮಂಥ ಮನೆಗಳಲ್ಲಿ ವಾರಕ್ಕೆ ಎರಡು ಮೂರು ದಿನ ಕೋಳಿಯೇ ಗತಿ. ಬಂಧುಗಳು ಹೇಳಿದ್ದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಕುಮಟಾ

ತಂಗಿ, ಮೊದಲು ಆ ‘ಆರ್’ ಹೇಗೆ ಹುಟ್ಟುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ನಾನು ಮೂರು ದಶಕ ಮಾಡಿದ್ದು ಅದೇ ಕೆಲಸ. ಇಂದು ದೊಡ್ಡ ಪ್ರಯೋಗಾಲಯಗಳಲ್ಲಿ ಯಂತ್ರಗಳು ಬಂದಿವೆ, ಆದರೆ ಮೂಲ ವಿಧಾನ ಸರಳವಾದದ್ದು. ಅಗರ್ ಎಂಬ ಹೆಪ್ಪುಗಟ್ಟಿದ ಆಹಾರವಿರುವ ದುಂಡನೆಯ ತಟ್ಟೆಯ ಮೇಲೆ ರೋಗಿಯ ಮೂತ್ರದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ಸಮನಾಗಿ ಸವರಿ, ಅದರ ಮೇಲೆ ಒಂದೊಂದು ಔಷಧ ಹೀರಿಸಿದ 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗಳನ್ನು ದೂರ ದೂರ ಇಡುತ್ತೇವೆ. ಸುಮಾರು 35 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆದಾಗ ತಟ್ಟೆಯ ತುಂಬ ತೆಳುವಾದ ಬಿಳಿ ಪೊರೆ ಹರಡಿರುತ್ತದೆ, ಅದೇ ಬ್ಯಾಕ್ಟೀರಿಯಾದ ಬೆಳೆ. ಔಷಧ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ಸ್ವಚ್ಛವಾದ ಬಳೆಯಂಥ ಜಾಗ ಕಾಣುತ್ತದೆ. ಅದರ ಅಗಲವನ್ನು ಅಳೆದು, ನಿಗದಿತ ಅಳತೆಗೆ ಹೋಲಿಸಿ ‘ಎಸ್’ (ಔಷಧ ನಾಟುತ್ತದೆ) ಅಥವಾ ‘ಆರ್’ (ನಾಟುವುದಿಲ್ಲ) ಎಂದು ಬರೆಯುತ್ತೇವೆ. ನಾನು ಕೆಲಸಕ್ಕೆ ಸೇರಿದಾಗ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಸುತ್ತ ಅಗಲವಾದ ಬಳೆ ಕಾಣುವುದು ಸಾಮಾನ್ಯವಾಗಿತ್ತು. ಕೊನೆಯ ವರ್ಷಗಳಲ್ಲಿ ಬಿಲ್ಲೆಯ ಅಂಚಿನವರೆಗೂ ಬಿಳಿ ಪೊರೆ ಬಂದು ನಿಂತ ತಟ್ಟೆಗಳನ್ನು ದಿನವೂ ನೋಡಿದೆ, ಮತ್ತು ಪ್ರತಿ ಸಲವೂ ಆ ತಟ್ಟೆಯ ಹಿಂದಿರುವ ಮನುಷ್ಯನ ನೆನಪಾಗಿ ಮನಸ್ಸು ಭಾರವಾಗುತ್ತಿತ್ತು.

ಇನ್ನು ನಿಮ್ಮ ಬಂಧುಗಳ ಮಾತು. ಅದರಲ್ಲಿ ಎರಡು ವಿಷಯಗಳು ಕಲಸಿಹೋಗಿವೆ. ಮಾಂಸದಲ್ಲಿ ಉಳಿಯುವ ಔಷಧದ ಅಂಶ ಒಂದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿ ಶೇ 40ರಲ್ಲಿ ಆ್ಯಂಟಿಬಯಾಟಿಕ್ ಅಂಶ ಕಂಡುಬಂತೆಂದು ಪ್ರಕಟಿಸಿದಾಗ ಎಲ್ಲ ಕಡೆ ಸುದ್ದಿಯಾಯಿತು; ಅದು ಮೊದಲನೆಯ ವಿಷಯಕ್ಕೆ ಸಂಬಂಧಿಸಿದ್ದು. ನಿಮ್ಮ ಆಯಿಯ ವರದಿ ಎರಡನೆಯದಕ್ಕೆ ಸೇರಿದ್ದು. ಕೋಳಿಯ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುತ್ತವೆ. ಔಷಧ ಕೊಟ್ಟಾಗ ದುರ್ಬಲವಾದವು ಸಾಯುತ್ತವೆ, ಬಗ್ಗದವು ಉಳಿದು ಅವುಗಳ ಸಂತತಿಯೇ ತುಂಬಿಕೊಳ್ಳುತ್ತದೆ. ಕೊಯ್ಯುವಾಗ ಕರುಳು ಹರಿದರೆ ಅವು ಮಾಂಸಕ್ಕೆ ಮೆತ್ತಿಕೊಳ್ಳುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗದೇ ಇರುವುದಿಲ್ಲ, ಉಳಿದವುಗಳಂತೆಯೇ ಸಾಯುತ್ತದೆ. ಮಾಂಸದ ಒಳಭಾಗ 74 ಡಿಗ್ರಿ ಶಾಖ ಮುಟ್ಟಿದರೆ ಸಾಕು. ನಮ್ಮ ಮನೆಗಳಲ್ಲಿ ಕುದಿಯುವ ಸಾರು ಅದನ್ನು ದಾಟಿಯೇ ಇರುತ್ತದೆ. ಆದರೆ ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಔಷಧದ ಅಂಶ ಮಾಂಸದಲ್ಲಿದ್ದರೆ ಅದು ಶಾಖಕ್ಕೆ ಸುಲಭವಾಗಿ ಕರಗುವುದಿಲ್ಲ. ಒಂದನ್ನು ಅಡುಗೆಮನೆಯಲ್ಲಿ ತಡೆಯಬಹುದು, ಇನ್ನೊಂದನ್ನು ಫಾರ್ಮಿನಲ್ಲಿಯೇ ತಡೆಯಬೇಕು.

ನಿಮ್ಮ ಆಯಿಗೆ ಈ ಇ. ಕೋಲಿ ಎಲ್ಲಿಂದ ಬಂತು ಎಂಬುದನ್ನು ಒಂದು ವರದಿ ನೋಡಿ ಯಾರೂ ಹೇಳಲಾರರು. ಮೂತ್ರನಾಳಕ್ಕೆ ಅದು ಸಾಮಾನ್ಯವಾಗಿ ತನ್ನದೇ ಕರುಳಿನಿಂದ ಬರುತ್ತದೆ. ಕರುಳಿಗೆ ಆಹಾರದಿಂದ, ನೀರಿನಿಂದ, ಮತ್ತೊಬ್ಬರ ಕೈಯಿಂದ, ಆಸ್ಪತ್ರೆಯಿಂದ, ಹೇಗೆ ಬೇಕಾದರೂ ಬಂದಿರಬಹುದು. ಕಳೆದ ವರ್ಷ ನುಂಗಿದ ಮಾತ್ರೆಗಳಿಂದ ಅಲ್ಲಿಯೇ ಹೆಚ್ಚಿಕೊಂಡಿರಲೂಬಹುದು.

ಹಾಲು ಕರೆಯುವ ಮನೆ, ಶಿರಸಿ

ನಮ್ಮ ಮನೆಯಲ್ಲಿ ಮಾಂಸದ ಬಳಕೆ ಇಲ್ಲ. ಈ ವಿಷಯ ನಮ್ಮಂಥವರಿಗೆ ಸಂಬಂಧಿಸಿದ್ದಲ್ಲ ಎಂದು ಇಷ್ಟು ದಿನ ತಿಳಿದಿದ್ದೆ. ಹಾಗೆಂದುಕೊಳ್ಳುವುದು ಸರಿಯೇ?

ಪಶುವೈದ್ಯ, ಶಿರಸಿ

ಸರಿಯಲ್ಲ ಎಂದು ನಿಮ್ಮ ಹೆಸರನ್ನು ನೋಡಿಯೇ ಹೇಳಬೇಕಾಗಿದೆ. ಆಕಳಿಗೆ ಕೆಚ್ಚಲು ಬಾವು ಬಂದಾಗ ಮೊಲೆಯೊಳಗೆ ಹಿಂಡುವ ಟ್ಯೂಬುಗಳಲ್ಲಿ ಇರುವುದು ಆ್ಯಂಟಿಬಯಾಟಿಕ್. ಪ್ರತಿಯೊಂದು ಔಷಧದ ಮೇಲೂ, ಕೊನೆಯ ಸಲ ಕೊಟ್ಟ ನಂತರ ಎಷ್ಟು ದಿನ ಆ ಹಾಲನ್ನು ಮಾರಬಾರದು ಎಂದು ಬರೆದಿರುತ್ತದೆ. ಆ ಹಾಲನ್ನು ಚೆಲ್ಲಲು ಮನಸ್ಸು ಒಪ್ಪದೆ ಕರುವಿಗೆ ಕುಡಿಸುವವರಿದ್ದಾರೆ. ಆಗ ಕರುವಿನ ಕರುಳಿನಲ್ಲೂ, ದುರ್ಬಲ ಬ್ಯಾಕ್ಟೀರಿಯಾ ಸತ್ತು ಬಗ್ಗದವು ಉಳಿಯುವ ಅದೇ ಆಯ್ಕೆ ನಡೆಯುತ್ತದೆ. ಕೊಟ್ಟಿಗೆ ಗೊಬ್ಬರ ತೋಟಕ್ಕೆ ಹೋಗುತ್ತದೆ, ತೋಟದ ನೀರು ಹಳ್ಳಕ್ಕೆ ಸೇರುತ್ತದೆ. ಕೋಳಿ ಗೊಬ್ಬರವನ್ನು ಲಾರಿಗಟ್ಟಲೆ ತರಿಸಿ ಹಸಿಯಾಗಿಯೇ ತರಕಾರಿಗೆ ಹಾಕುವುದನ್ನೂ ನಾವು ಕಂಡಿದ್ದೇವೆ. ಹಸಿಯಾಗಿ ತಿನ್ನುವ ಸೌತೆಕಾಯಿ, ಕೊತ್ತಂಬರಿಗೆ ಬೆಂಕಿಯ ರಕ್ಷಣೆ ಇಲ್ಲ.

ಕುಮಟಾದ ಅಕ್ಕನವರ ಮಾತಿಗೆ ನನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಕೋಳಿಗಳಿಗೆ ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವ ಎನ್ರೋಫ್ಲಾಕ್ಸಾಸಿನ್ ಎಂಬ ಔಷಧವಿದೆ. ಅದು ಪ್ರಾಣಿಯ ದೇಹದಲ್ಲಿ ಭಾಗಶಃ ಸಿಪ್ರೋಫ್ಲಾಕ್ಸಾಸಿನ್ ಆಗಿಯೇ ಮಾರ್ಪಡುತ್ತದೆ. ಎರಡೂ ಒಂದೇ ಮನೆತನದವು. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗುವುದು ಕಷ್ಟ. ಅಮೆರಿಕದಲ್ಲಿ ಕೋಳಿಗಳಿಗೆ ಈ ಔಷಧ ಕೊಡುವುದನ್ನು 2005ರಲ್ಲಿ ನಿಲ್ಲಿಸಿದ್ದು ಇದೇ ಕಾರಣಕ್ಕೆ: ಕೋಳಿಯಿಂದ ಮನುಷ್ಯರಿಗೆ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಭೇದಿಯ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯದಂತಾಗಿತ್ತು. ಯುರೋಪಿನ ಒಕ್ಕೂಟವು ಬೆಳವಣಿಗೆ ಹೆಚ್ಚಿಸಲೆಂದು ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು 2006ರ ಜನವರಿಯಿಂದ ಸಂಪೂರ್ಣವಾಗಿ ನಿಲ್ಲಿಸಿತು; ಸ್ವೀಡನ್ ಅದಕ್ಕೂ 20 ವರ್ಷ ಮೊದಲೇ, 1986ರಲ್ಲಿ ನಿಲ್ಲಿಸಿತ್ತು.

ಕೊಲಿಸ್ಟಿನ್ ಕಥೆ ಇದಕ್ಕಿಂತ ಗಂಭೀರವಾದದ್ದು. ಬೇರೆ ಯಾವ ಔಷಧವೂ ನಾಟದ ರೋಗಿಗಳಿಗೆ ತೀವ್ರ ನಿಗಾ ಘಟಕದಲ್ಲಿ ಕೊನೆಯದಾಗಿ ಕೊಡುವ ಔಷಧಗಳಲ್ಲಿ ಅದೂ ಒಂದು. ಅದನ್ನೇ ಕೋಳಿ, ಹಂದಿಗಳ ಮೇವಿಗೆ ಬೆರೆಸುತ್ತಿದ್ದರು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ‘ಎಂಸಿಆರ್-1’ ಎಂಬ ವಂಶವಾಹಿಯನ್ನು ಪ್ರಕಟಿಸಿದರು. ಕೊಯ್ಯಲು ತಂದ 804 ಪ್ರಾಣಿಗಳ ಮಾದರಿಗಳಲ್ಲಿ 166, ಹಸಿಮಾಂಸದ 523ರಲ್ಲಿ 78, ಆಸ್ಪತ್ರೆಯ ರೋಗಿಗಳ 1,322ರಲ್ಲಿ 16 ಮಾದರಿಗಳ ಬ್ಯಾಕ್ಟೀರಿಯಾದಲ್ಲಿ ಅದು ಇತ್ತು. ಆ ಅಂಕಿಗಳು ಇಳಿಯುವ ಕ್ರಮವನ್ನು ನೋಡಿ. ದಾರಿ ಯಾವ ಕಡೆಯಿಂದ ಯಾವ ಕಡೆಗೆ ಎಂಬ ಅನುಮಾನ ಅಲ್ಲಿಂದಲೇ ಬಲವಾಯಿತು. ಆ ವಂಶವಾಹಿ ಕುಳಿತಿದ್ದದ್ದು ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದ ಮೇಲೆ. ಒಂದು ಬ್ಯಾಕ್ಟೀರಿಯಾ ಪಕ್ಕದ ಬ್ಯಾಕ್ಟೀರಿಯಾಕ್ಕೆ ಆ ಉಂಗುರದ ನಕಲನ್ನು ದಾಟಿಸಬಲ್ಲದು, ಜಾತಿ ಬೇರೆಯಾದರೂ ಸರಿ. ಚೀನಾ 2017ರಲ್ಲಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು, ಆಮೇಲೆ ಅಲ್ಲಿನ ಹಂದಿಗಳಲ್ಲಿಯೂ ಮನುಷ್ಯರಲ್ಲಿಯೂ ಆ ಲಕ್ಷಣ ಇಳಿಯಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈ 19ರ ಅಧಿಸೂಚನೆಯಿಂದ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಜಲಕೃಷಿ ಮತ್ತು ಮೇವಿನಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿದೆ. ನಿಲ್ಲಿಸಿದರೆ ಇಳಿಯುತ್ತದೆ ಎಂಬುದಕ್ಕೆ ಚೀನಾದ ಅನುಭವ ಆಧಾರವಾಗಿರುವುದರಿಂದ ನಾನು ಎದೆಗುಂದಿಲ್ಲ.

ಕೋಳಿ ಶೆಡ್ಡು, ಮುಂಡಗೋಡ

ನಾನು ಬ್ರಾಯ್ಲರ್ ಸಾಕುವವನು. ಎಲ್ಲರೂ ನಮ್ಮ ಕಡೆಗೆ ಬೆರಳು ತೋರಿಸುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ಮುಚ್ಚಿಡುವುದೂ ಸರಿಯಲ್ಲ ಎನಿಸಿತು.

ಕೋಳಿಗೆ ದಪ್ಪವಾಗಲು ಇಂಜೆಕ್ಷನ್ ಚುಚ್ಚುತ್ತಾರೆ ಎಂಬ ಮಾತು ಸುಳ್ಳು. ಐದು ಸಾವಿರ ಕೋಳಿಗಳನ್ನು ಒಂದೊಂದಾಗಿ ಹಿಡಿದು ದಿನವೂ ಚುಚ್ಚಲು ಯಾರಿಂದಲೂ ಆಗದು. ಅವು 40 ದಿನಕ್ಕೆ ಎರಡು ಕಿಲೋ ದಾಟುವುದು ತಳಿ ಮತ್ತು ಮೇವಿನಿಂದ. ಆದರೆ ಔಷಧ ಕೊಡುವುದಿಲ್ಲವೇ ಎಂದರೆ, ಕೊಡುತ್ತೇವೆ, ನೀರಿನಲ್ಲಿ. ನಮ್ಮದು ಕರಾರಿನ ಸಾಕಣೆ. ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ನಮ್ಮದು. ಸತ್ತ ಕೋಳಿಗಳ ಲೆಕ್ಕ ಏರಿದರೆ ನಮ್ಮ ಕೂಲಿ ಇಳಿಯುತ್ತದೆ. ಹೀಗಿರುವಾಗ ನಾಲ್ಕು ಕೋಳಿ ಗೊರಗೊರ ಉಸಿರೆಳೆಯುವುದನ್ನು ಕಂಡರೆ ಇಡೀ ಶೆಡ್ಡಿನ ಟ್ಯಾಂಕಿಗೆ ಪುಡಿ ಸುರಿಯುವುದೇ ವಾಡಿಕೆ. ರೋಗ ಇಲ್ಲದ ಕೋಳಿಯೂ ಅದೇ ನೀರು ಕುಡಿಯುತ್ತದೆ.

ಹೋದ ಮಳೆಗಾಲದ ಒಂದು ಬ್ಯಾಚಿನ ಮಾತು ಹೇಳುತ್ತೇನೆ. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಅಮೋನಿಯಾ ವಾಸನೆ ಏರಿ 35ನೇ ದಿನ ಕೋಳಿಗಳಿಗೆ ಕೆಮ್ಮು ಹಿಡಿಯಿತು. ಕಂಪನಿಯ ಮೇಲ್ವಿಚಾರಕರು ಬಂದು ನೋಡಿ ಔಷಧದ ಡಬ್ಬಿ ಕೊಟ್ಟರು, ಮೂರು ದಿನ ಕೊಡಲು ಹೇಳಿದರು. ಡಬ್ಬಿಯ ಮೇಲೆ, ಕೊನೆಯ ಸಲ ಕೊಟ್ಟು ಇಷ್ಟು ದಿನ ಕಳೆಯುವವರೆಗೆ ಕೊಯ್ಯಬಾರದು ಎಂದು ಸಣ್ಣಕ್ಷರದಲ್ಲಿತ್ತು. 38ನೇ ದಿನ ರಾತ್ರಿ ಹನ್ನೊಂದಕ್ಕೆ ಫೋನು ಬಂತು, ಎರಡು ಗಂಟೆಗೆ ಲಾರಿ ಬಂದು ನಿಂತಿತು. ಡಬ್ಬಿಯ ಮಾತು ಹೇಳಿದೆ. ಮಾರುಕಟ್ಟೆಯಲ್ಲಿ ದರ ಇದೆ, ಎತ್ತಲೇಬೇಕು ಎಂದರು. ಕೋಳಿಗಳು ಘಟ್ಟ ಇಳಿದು ಹೋದವು. ಯಾರ ತಟ್ಟೆಗೆ ಹೋಯಿತೋ ಎಂದು ಆ ವಾರವೆಲ್ಲ ನನಗೆ ಸಂಕಟವಾಯಿತು. ಈಗ ಶೆಡ್ಡಿನ ಪಕ್ಕದ ಪರದೆಯನ್ನು ಮಳೆ ನಿಂತ ಕೂಡಲೇ ಎತ್ತಿ ಗಾಳಿ ಆಡಿಸುತ್ತೇನೆ, ಹೊಟ್ಟನ್ನು ದಿನವೂ ಕೆದಕಿ ಸುಣ್ಣ ಹಾಕುತ್ತೇನೆ, ನೀರಿಗೆ ಕ್ಲೋರಿನ್ ಬಿಡುತ್ತೇನೆ. ಈ ಬ್ಯಾಚಿಗೆ ಇದುವರೆಗೆ ಪುಡಿಯ ಅಗತ್ಯ ಬಿದ್ದಿಲ್ಲ. ಆದರೆ ಲಾರಿ ಯಾವಾಗ ಬರಬೇಕೆಂಬುದು ಈಗಲೂ ನನ್ನ ಕೈಯಲ್ಲಿಲ್ಲ.

ಪಶುವೈದ್ಯ, ಶಿರಸಿ

ಇಷ್ಟು ನೇರವಾಗಿ ಬರೆದಿದ್ದಕ್ಕೆ ಧನ್ಯವಾದ, ಅಣ್ಣ. ಔಷಧ ಕೊಟ್ಟ ದಿನ ಮತ್ತು ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಎತ್ತುವಾಗ ಲಾರಿಯವರಿಂದ ಸಹಿ ಹಾಕಿಸಿಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರವು ಮಾಂಸ, ಹಾಲು, ಮೊಟ್ಟೆ ಮತ್ತು ಜಲಕೃಷಿಯಲ್ಲಿ ಬಳಸಬಾರದ ಆ್ಯಂಟಿಬಯಾಟಿಕ್‌ಗಳ ಪಟ್ಟಿಯನ್ನು ಹಿಗ್ಗಿಸಿದ್ದು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾಳೆ ಯಾರಾದರೂ ಮಾದರಿ ಪರೀಕ್ಷಿಸಿ ಕೇಳಿದರೆ, ಹೊಣೆ ಯಾರದೆಂಬುದಕ್ಕೆ ನಿಮ್ಮ ಆ ನೋಟುಬುಕ್ಕೇ ಸಾಕ್ಷಿಯಾಗುತ್ತದೆ.

ಕೋಳಿ ಅಂಗಡಿ, ಅಂಕೋಲಾ

ನನ್ನದು ರಸ್ತೆ ಬದಿಯ ಅಂಗಡಿ. ಕೋಳಿ ಕೊಯ್ದು, ಬಿಸಿನೀರಿನಲ್ಲಿ ಅದ್ದಿ, ಪುಕ್ಕ ತೆಗೆಯುವ ಯಂತ್ರಕ್ಕೆ ಹಾಕಿ, ಹುಣಸೆ ಮರದ ದಿಮ್ಮಿಯ ಮೇಲೆ ಕೊಚ್ಚಿ ಕೊಡುತ್ತೇನೆ. ಆ ದಿಮ್ಮಿಗೆ ಹನ್ನೆರಡು ವರ್ಷವಾಗಿದೆ, ನಡುವೆ ಬಟ್ಟಲಿನಂತೆ ತಗ್ಗು ಬಿದ್ದಿದೆ. ರಾತ್ರಿ ನೀರು ಹಾಕಿ ತೊಳೆಯುತ್ತೇನೆ. ಭಾನುವಾರ ನೂರೈವತ್ತು ಗಿರಾಕಿಗಳಿರುತ್ತಾರೆ, ಅದೇ ಕೈಯಲ್ಲಿ ಹಣ ತೆಗೆದುಕೊಳ್ಳುತ್ತೇನೆ. ನನ್ನಿಂದ ಯಾರಿಗೂ ಕಾಯಿಲೆ ಬರಬಾರದು. ಖರ್ಚು ನನ್ನ ಶಕ್ತಿಯೊಳಗೆ ಇರುವಂತೆ ಏನು ಮಾಡಬಹುದು ಎಂದು ಅಕ್ಕನವರು ತಿಳಿಸಬೇಕು.

ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಕುಮಟಾ

ತಮ್ಮ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ದಿಮ್ಮಿಯ ತಗ್ಗಿನಲ್ಲಿ ಮತ್ತು ಕತ್ತಿ ಬಿದ್ದ ಗೆರೆಗಳಲ್ಲಿ ರಕ್ತ, ಕೊಬ್ಬು ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅನುಕೂಲವಾದ ಪರಿಸ್ಥಿತಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಬಡಗಿಯಿಂದ ದಿಮ್ಮಿಯ ಮೇಲ್ಮೈಯನ್ನು ತಗ್ಗು ಹೋಗುವವರೆಗೆ ಕೆತ್ತಿಸಿ ಮಟ್ಟ ಮಾಡಿಸಿಕೊಳ್ಳಿ, ಇಲ್ಲವೇ ದಪ್ಪನೆಯ ಪ್ಲಾಸ್ಟಿಕ್ ಹಲಗೆ ತನ್ನಿ. ರಾತ್ರಿ ಮೊದಲು ಸೋಪಿನಿಂದ ಉಜ್ಜಿ ಕೊಬ್ಬನ್ನು ತೆಗೆದು, ಆಮೇಲೆ ಕುದಿಯುವ ನೀರು ಸುರಿದು, ನಿಲ್ಲಿಸಿ ಒಣಗಿಸಿ. ಕೊಬ್ಬು ಇರುವಾಗಲೇ ಬ್ಲೀಚಿಂಗ್ ನೀರು ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಕರುಳು ತೆಗೆಯುವ ಜಾಗವೂ ಕತ್ತಿಯೂ ಬೇರೆ ಇರಲಿ, ಏಕೆಂದರೆ ಅಪಾಯ ಇರುವುದು ಕರುಳಿನಲ್ಲಿ. ಒಂದೇ ಬಕೆಟ್ಟಿನ ನೀರಿನಲ್ಲಿ ಹತ್ತು ಕೋಳಿ ಮುಳುಗಿಸಿ ತೆಗೆಯಬೇಡಿ. ಒಂದರ ಮೈಮೇಲಿದ್ದದ್ದು ಹತ್ತಕ್ಕೂ ಸೇರುತ್ತದೆ. ಹಣಕ್ಕೆ ಮನೆಯವರೊಬ್ಬರನ್ನು ಕೂರಿಸಿ.

ಮನೆಯಲ್ಲಿ ಅಡುಗೆ ಮಾಡುವವರಿಗೂ ಎರಡು ಮಾತು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ರಭಸವಾಗಿ ತೊಳೆಯುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಆಗ ಹಾರುವ ಹನಿಗಳು ಪಕ್ಕದ ತಟ್ಟೆ, ಲೋಟ, ಹೆಚ್ಚಿಟ್ಟ ಈರುಳ್ಳಿಯ ಮೇಲೆ ಬೀಳುತ್ತವೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನಿಧಾನವಾಗಿ ನೀರು ತುಂಬಿ, ಕೈಯಾಡಿಸಿ, ಸುತ್ತಮುತ್ತ ಸಿಡಿಯದಂತೆ ಚೆಲ್ಲಿ. ಅರಿಶಿನ, ಉಪ್ಪು, ಮುರುಗಲ ಹುಳಿ ಸವರಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ನಂಬಬೇಡಿ, ಫ್ರೀಜರಿನಲ್ಲಿಯೂ ಅದು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಮೆಟ್ಟುಗತ್ತಿಯನ್ನು ನೋಡಿಕೊಳ್ಳಿ. ಮೀನು, ಕೋಳಿ ಹೆಚ್ಚಿ, ಬರೀ ನೀರಿನಲ್ಲಿ ತೊಳೆದು, ಅದರಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತೇವೆ. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ಅಲಗು ಹಲಗೆಗೆ ಸೇರುವ ಸಂದಿಯಲ್ಲಿ ಕಪ್ಪಾಗಿ ಕೂತಿರುವುದನ್ನು ಒಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿ.

ಗಜನಿ, ಅಘನಾಶಿನಿ ತೀರ

ಮೀನಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಡಲಿನಲ್ಲಿ ಹಿಡಿದ ಮೀನಿಗೆ ಯಾರೂ ಔಷಧ ಕೊಟ್ಟಿರುವುದಿಲ್ಲ. ಕೆರೆ ಕಟ್ಟಿ ಸಾಕುವ ಸಿಗಡಿಯ ಮಾತು ಬೇರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಜಾತಿಯ ಔಷಧಗಳನ್ನು ಸಿಗಡಿ ಸಾಕಣೆಯಲ್ಲಿ ಬಳಸಬಾರದೆಂದು ನಿಷೇಧವಿದೆ, ಅವುಗಳ ಅಂಶ ಸಿಕ್ಕರೆ ಯುರೋಪಿನ ಬಂದರಿನಲ್ಲಿ ಸರಕು ತಿರಸ್ಕೃತವಾಗುತ್ತದೆ. ಹೊರದೇಶಕ್ಕೆ ಹೋಗುವ ಸಿಗಡಿಗೆ ಇರುವಷ್ಟು ಪರೀಕ್ಷೆ ನಮ್ಮ ಸಂತೆಗೆ ಬರುವ ಸಿಗಡಿಗೂ ಆಗಬೇಕೆಂಬುದು ನನ್ನ ಬಹುದಿನದ ಆಸೆ. ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆಗಳಲ್ಲಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಕೊಯ್ದ ಮೇಲೆ ಉಬ್ಬರದ ನೀರಿನೊಂದಿಗೆ ತಾನಾಗಿ ಬರುವ ಸಿಗಡಿಗೆ ಹೊರಗಿನ ಮೇವೂ ಇಲ್ಲ, ಮದ್ದೂ ಇಲ್ಲ.

ಬಳಚಿನ (ಚಿಪ್ಪಿನೊಳಗೆ ಬದುಕುವ ಮೃದ್ವಂಗಿ) ವಿಷಯ ಮಾತ್ರ ನನಗೆ ಆತಂಕ ತರುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ, ಬಳಚು ಹೆಕ್ಕಿ ಬದುಕುವ ಸಂಸಾರಗಳು ಇಲ್ಲಿ ಎಷ್ಟೋ ಇವೆ. ಬಳಚು ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿ ಏನಿದೆಯೋ ಅದನ್ನು ತನ್ನೊಳಗೆ ಕೂಡಿಹಾಕುತ್ತದೆ. ಊರಿನ ಶೌಚಾಲಯದ ನೀರು, ಆಸ್ಪತ್ರೆಯ ನೀರು, ಫಾರ್ಮಿನ ನೀರು ಶುದ್ಧವಾಗದೆ ಹೊಳೆಗೆ ಸೇರಿದರೆ ಅದರಲ್ಲಿರುವ ಬ್ಯಾಕ್ಟೀರಿಯಾವೂ ಬಳಚಿನೊಳಗೆ ಸೇರುತ್ತದೆ. ಚಿಪ್ಪು ಬಾಯಿಬಿಟ್ಟ ಕೂಡಲೇ ಇಳಿಸದೆ ಇನ್ನೂ ನಾಲ್ಕೈದು ನಿಮಿಷ ಕುದಿಸಿ ಎಂದು ನಮ್ಮ ಹೆಂಗಸರು ಗಿರಾಕಿಗಳಿಗೆ ಹೇಳಿಕೊಡುತ್ತಿದ್ದಾರೆ. ಆದರೆ ಹೊಳೆಯನ್ನು ಶುದ್ಧವಾಗಿಡುವುದು ಅವರೊಬ್ಬರ ಕೈಯಲ್ಲಿಲ್ಲ.

ಕಾಳಿತೀರ, ಸದಾಶಿವಗಡ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಋಣಿ. ಆಯಿಯ ಉರಿ ಸಂಪೂರ್ಣ ನಿಂತಿದೆ. ಕುಮಟಾದ ಅಕ್ಕ ಹೇಳಿದಂತೆ ಮೆಟ್ಟುಗತ್ತಿಯ ಸಂದಿಯನ್ನು ಉಜ್ಜಿದೆ. ಹೊರಬಂದದ್ದನ್ನು ನೋಡಿ ಅದೇ ದಿನ ಹಸಿ ತರಕಾರಿಗೆಂದು ಬೇರೆ ಚಾಕು, ಬೇರೆ ಹಲಗೆ ತಂದೆ. ಮುಂಡಗೋಡದ ಅಣ್ಣನವರ ಬರಹ ಓದಿದ ಮೇಲೆ ನಾವು ಕೋಳಿ ತರುವ ಅಂಗಡಿಯವರನ್ನು, ಕೋಳಿ ಯಾವ ಫಾರ್ಮಿನದು, ಔಷಧ ಕೊಟ್ಟು ಎಷ್ಟು ದಿನವಾಯಿತು ಎಂದು ಕೇಳಿದೆ. ಇದುವರೆಗೆ ಯಾರೂ ಹಾಗೆ ಕೇಳಿಲ್ಲ, ಮುಂದಿನ ಸಲ ಲಾರಿಯವರನ್ನು ವಿಚಾರಿಸುತ್ತೇನೆ ಎಂದರು.

ಒಂದು ಸಂದೇಹ ಉಳಿದಿದೆ. ಸಮಾಧಾನಕ್ಕೆಂದು ನಾನೇ ಹೊರಗಿನ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಕಲ್ಚರ್ ಮಾಡಿಸಿದೆ. ಅದರಲ್ಲಿ ಪುನಃ ಇ. ಕೋಲಿ ಬಂದಿದೆ, ಅವೇ ‘ಆರ್’ಗಳು. ಆಯಿಗೆ ಉರಿಯಿಲ್ಲ, ಜ್ವರವಿಲ್ಲ. ಮನೆಯವರೆಲ್ಲ ಮತ್ತೆ ಮಾತ್ರೆ ಶುರು ಮಾಡು ಎನ್ನುತ್ತಿದ್ದಾರೆ.

ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಕುಮಟಾ

ನಿಮ್ಮ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ. ವಯಸ್ಸಾದ ಹೆಂಗಸರಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಬಹಳ ಸಾಮಾನ್ಯ. ತೊಂದರೆ ಇಲ್ಲದಿದ್ದರೆ ಅದಕ್ಕೆ ಔಷಧ ಕೊಡಬಾರದೆಂಬುದೇ ವೈದ್ಯಶಾಸ್ತ್ರ ಒಪ್ಪಿದ ಕ್ರಮ, ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗೆ ಹೊರಟವರನ್ನು ಬಿಟ್ಟು. ಈಗ ಕೊಟ್ಟರೆ ಉಳಿದಿರುವ ನಾಲ್ಕೈದು ‘ಎಸ್’ಗಳಲ್ಲಿ ಒಂದನ್ನು ಕಳೆದುಕೊಳ್ಳುವ ಸಂಭವವಿದೆ.

ಕಾಳಿತೀರ, ಸದಾಶಿವಗಡ

ನಿನ್ನೆ ಎರಡೂ ವರದಿಗಳನ್ನು ತೆಗೆದುಕೊಂಡು ವೈದ್ಯರಲ್ಲಿಗೆ ಹೋಗಿದ್ದೆ. ಆಯಿಯನ್ನು ಮಾತನಾಡಿಸಿ, ಹೊಟ್ಟೆ ಮುಟ್ಟಿ ನೋಡಿ, ಚೀಟಿಯಲ್ಲಿ ‘ಔಷಧ ಬೇಡ, ನೀರು ಚೆನ್ನಾಗಿ ಕುಡಿಯಲಿ, ಉರಿ ಅಥವಾ ಜ್ವರ ಬಂದರೆ ಮಾತ್ರ ಬರುವುದು’ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಮನೆಯವರಿಗೆಲ್ಲ ಕಾಣುವಂತೆ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಕಳೆದ ವರ್ಷದ ಹಳೆಯ ಚೀಟಿಯನ್ನು ಹರಿದು ಹಾಕಿದೆ.